ನಮ್ಮೂರ ಬ್ಯಾಂಡ್‌ನ ಸ್ವಂತ ಹಾಡುಗಳಿಗೆ ಒಂದು ಗಂಟೆ ಕೊಡಿ: ಕೊಡಗಿನ ಉತ್ಸವ ಸಮಿತಿಗಳಿಗೆ ಬಹಿರಂಗ ಪತ್ರ

ಗೆ,
ಕೊಡಗು ಜಿಲ್ಲೆಯ ಹಬ್ಬ, ಉತ್ಸವಗಳ ಸಾಂಸ್ಕೃತಿಕ ಸಮಿತಿಗಳ ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ,

ನಮಸ್ಕಾರ. ನಾನು ಸುಂಟಿಕೊಪ್ಪದ ಕಡೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ. ಸಂಗೀತ ಕಲಿತವನಲ್ಲ, ಕೇಳುವವನು. ನಮ್ಮ ಜಿಲ್ಲೆಯ ಒಂದು ಬ್ಯಾಂಡ್ ಬಗ್ಗೆ ನಿಮಗೆ ಹೇಳಬೇಕಾಗಿದೆ. ಅವರ ಹಾಡುಗಳು ಎಷ್ಟು ಚೆನ್ನಾಗಿವೆ ಅಂತ ಹೇಳುವುದು ಈ ಪತ್ರದ ಮೊದಲ ಕೆಲಸ. ಆ ಹಾಡುಗಳಿಗೆ ನಮ್ಮದೇ ವೇದಿಕೆಯಲ್ಲಿ ಏನಾಯಿತು ಅಂತ ಹೇಳುವುದು ಎರಡನೆಯದು.

ಬ್ಯಾಂಡ್‌ನ ಹೆಸರು ಬರೆಯುತ್ತಿಲ್ಲ. ಬೇಡ ಅಂತ ಅವರೇ ಕೇಳಿಕೊಂಡರು. ಮುಂದಿನ ವರ್ಷವೂ ಅವರು ನಿಮ್ಮ ಮುಂದೆಯೇ ಅರ್ಜಿ ಹಿಡಿದು ನಿಲ್ಲಬೇಕಲ್ವಾ. ಕಾರ್ಯಕ್ರಮ ಯಾವ ಊರಿನದ್ದು, ಯಾವ ಸಮಿತಿಯದ್ದು ಅಂತಲೂ ಬರೆಯುವುದಿಲ್ಲ. ಒಬ್ಬರತ್ತ ಬೆಟ್ಟು ಮಾಡಿದರೆ ಉಳಿದವರು ಇದು ತಮಗಲ್ಲ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಹೀಗೆಯೇ ನಡೆಯುತ್ತಿದೆ.

ಐದು ಜನರ ಬ್ಯಾಂಡ್ ಅದು. ಹಾಡುವ ಹುಡುಗ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತಾನೆ. ಹಾಡಿನ ನಡುವೆ ಮೌತ್ ಆರ್ಗನ್ ನುಡಿಸುತ್ತಾನೆ. ಡ್ರಮ್ಸ್ ಬಾರಿಸುವ ಹುಡುಗಿ ಪ್ರೈಮರಿ ಶಾಲೆಯ ಟೀಚರ್. ಬೇಸ್ ಗಿಟಾರ್‌ನವನು ಪ್ರವಾಸಿಗರ ಜೀಪ್ ಓಡಿಸುತ್ತಾನೆ. ಇನ್ನಿಬ್ಬರು ಗಿಟಾರ್‌ನವರು. ಐವರಲ್ಲಿ ಒಬ್ಬರ ಮನೆಮಾತು ಕೊಡವ ತಕ್ಕ್, ಇನ್ನೊಬ್ಬರ ಮನೆಯಲ್ಲಿ ಅರೆಭಾಷೆ, ಮತ್ತೊಬ್ಬರ ಮನೆಯಲ್ಲಿ ಮಲಯಾಳ. ಹಾಡು ಜಾಸ್ತಿ ಕನ್ನಡದಲ್ಲಿ. ಎಲ್ಲವೂ ಅವರೇ ಬರೆದು, ಅವರೇ ರಾಗ ಹಾಕಿದ ಹಾಡುಗಳು.

ತಮ್ಮ ಸಂಗೀತವನ್ನು ಅವರು ರೂಟ್ಸ್ ರಾಕ್ ಅನ್ನುತ್ತಾರೆ. ನಿಮ್ಮಲ್ಲಿ ಕೆಲವರಿಗೆ ಈ ಹೆಸರು ಹೊಸದಿರಬಹುದು. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರಾಕ್ ಸಂಗೀತ ಸ್ಟುಡಿಯೋ ಕರಾಮತ್ತಿನ ಕಡೆಗೆ ತುಂಬಾ ವಾಲಿತ್ತು. ಆಗ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್, ದಿ ಬ್ಯಾಂಡ್ ಅಂಥ ಕೆಲವು ತಂಡಗಳು ಹಿಂದಕ್ಕೆ ತಿರುಗಿ ಬ್ಲೂಸ್, ಕಂಟ್ರಿ, ಹಳ್ಳಿ ಪದಗಳನ್ನು ಹಿಡಿದವು. ಕಮ್ಮಿ ವಾದ್ಯ, ಗಟ್ಟಿ ತಾಳ, ದುಡಿಯುವ ಜನರ ಕಥೆ. ನಮ್ಮ ಕನ್ನಡದಲ್ಲೂ ಈ ಗುಣ ಬಂದಿದೆ. ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರ್ ಹಿಡಿದು ಹಾಡಿದ್ದನ್ನು ನೀವೆಲ್ಲ ಕೇಳಿದ್ದೀರಿ. ಬೆಂಗಳೂರಿನ ಸ್ವರಾತ್ಮ ತಂಡ ಜಾನಪದವನ್ನೂ ರಾಕನ್ನೂ ಕೂಡಿಸಿ ದೇಶವೆಲ್ಲ ಸುತ್ತಿದೆ. ನಮ್ಮ ಹುಡುಗರು ಇವರನ್ನೆಲ್ಲ ಕೇಳಿ ಬೆಳೆದವರು. ಆದರೆ ಅವರ ಹಾಡು ಕೇಳಿದರೆ ಇದು ಕೊಡಗಿನದ್ದೇ ಅಂತ ತಕ್ಷಣ ಗೊತ್ತಾಗುತ್ತದೆ.

ಹೇಗೆ ಗೊತ್ತಾಗುತ್ತದೆ ಅಂತ ಹೇಳುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಲು ಅವಕಾಶ ಕೊಡಿ.

ಅವರ ಒಂದು ಹಾಡು 2018ರ ಆಗಸ್ಟ್ ಬಗ್ಗೆ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಮೊಣ್ಣಂಗೇರಿ ಕಡೆ ಗುಡ್ಡ ಜಾರಿದ ದಿನಗಳು. ಆ ಮಳೆಯ ಮೇಲೆ ಆಮೇಲೆ ಬಹಳ ಹಾಡು, ಕವನ ಬಂದವು. ಹೆಚ್ಚಿನವು ಕಾವೇರಮ್ಮನನ್ನು ಕರೆದು ಅತ್ತವು. ಈ ಹಾಡು ಅಳುವುದಿಲ್ಲ. ಒಬ್ಬ ಮನುಷ್ಯ ತನ್ನ ಗದ್ದೆಯ ಗಡಿಕಲ್ಲು ಹುಡುಕುತ್ತಾ ಹೋಗುತ್ತಾನೆ, ಅಷ್ಟೇ. "ಪಹಣಿಯಲ್ಲಿ ಗದ್ದೆ ಉಂಟು, ಪಾದದಡಿ ಮಣ್ಣಿಲ್ಲ" ಅನ್ನುವುದು ಅದರ ಪಲ್ಲವಿ. ಸರ್ವೆ ನಂಬರ್ ಕಾಗದದಲ್ಲಿ ಇದ್ದ ಹಾಗೇ ಇದೆ. ಜಾಗ ಮಾತ್ರ ಹೊಳೆಗೆ ಹೋಗಿದೆ. ಆ ವರ್ಷ ಕಂದಾಯ ಕಚೇರಿಗೆ ಅಲೆದವರಿಗೆ ಈ ಸಾಲು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹಾಡು ಒಂದೇ ಗಿಟಾರ್‌ನಿಂದ ಶುರುವಾಗುತ್ತದೆ. ಡ್ರಮ್ಸ್ ಎರಡನೇ ಚರಣದವರೆಗೆ ಬರುವುದೇ ಇಲ್ಲ. ಬೇಸ್ ಒಂದೇ ಸ್ವರದಲ್ಲಿ ನಿಂತಿರುತ್ತದೆ. ಮೂರನೇ ಚರಣ ಮುಗಿದ ಮೇಲೆ ಮಾತು ನಿಲ್ಲುತ್ತದೆ. ಸ್ಲೈಡ್ ಗಿಟಾರ್ ಮೇಲಿನಿಂದ ಕೆಳಗೆ, ನಿಧಾನವಾಗಿ, ಬಹಳ ಹೊತ್ತು ಇಳಿಯುತ್ತದೆ. ತಂತಿಯ ಮೇಲೆ ಬೆರಳಿನ ಬದಲು ಲೋಹದ ಕೊಳವೆ ಜಾರಿಸುವುದರಿಂದ ಸ್ವರಗಳ ನಡುವೆ ಮೆಟ್ಟಿಲೇ ಇರುವುದಿಲ್ಲ. ಮಣ್ಣು ಜಾರಿದ್ದನ್ನು ಮಾತಿಲ್ಲದೆ ಕೇಳಿಸುವುದಕ್ಕೆ ಇದಕ್ಕಿಂತ ಸರಿಯಾದ ವಾದ್ಯ ಇಲ್ಲ ಅಂತ ನನಗೆ ಅನಿಸಿತು.

ಇನ್ನೊಂದು ಹಾಡು ಆನೆಯದ್ದು. ಇದು ಓಡುವ ಹಾಡು. ಬೆಳಿಗ್ಗೆ ಮಂಜಿನಲ್ಲಿ ತೋಟದ ಕೆಲಸಕ್ಕೆ ನಡೆದುಹೋಗುವ ಹೆಂಗಸೊಬ್ಬಳು ಹೇಳುತ್ತಾಳೆ. ಆನೆ ಯಾವ ಗೇಟಿನ ಹತ್ತಿರ ಇದೆ, ಯಾವ ಕೆರೆಗೆ ಇಳಿದಿದೆ ಅಂತ ಫೋನಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವ ಸುದ್ದಿಯೇ ಪಲ್ಲವಿ. ಮೌತ್ ಆರ್ಗನ್ ಅವಳ ಉಸಿರಿನ ಹಾಗೆ ಬಿಟ್ಟು ಬಿಟ್ಟು ಬರುತ್ತದೆ. ಈ ಹಾಡಿನಲ್ಲಿ ಆನೆಯ ಮೇಲೆ ಸಿಟ್ಟಿಲ್ಲ. ಹಲಸಿನ ಹಣ್ಣಿಗೆ, ತೋಟದ ಕೆರೆಯ ನೀರಿಗೆ ಅದು ಬರುತ್ತದೆ ಅಂತ ಅವಳಿಗೆ ಗೊತ್ತು. ಅವಳು ಕೇಳುವುದು ಒಂದೇ. ತೋಟದ ಮಾಲೀಕರಿಗೆ ಜೀಪ್ ಉಂಟು, ನನಗೆ ಕಾಲು ಮಾತ್ರ ಯಾಕೆ? ಬೆಳೆಗಾರನಾದ ನನಗೆ ಈ ಸಾಲು ಚುಚ್ಚಿತು. ಚುಚ್ಚಬೇಕಾದ ಸಾಲೇ ಅದು.

ಮೂರನೆಯದು ಹೂಮಳೆಯ ಹಾಡು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಮಾತ್ರ ಕಾಫಿ ಮೊಗ್ಗು ಅರಳುತ್ತದೆ. ಆಮೇಲೆ ಇನ್ನೊಂದು ಮಳೆ ಸಿಕ್ಕಿದರೆ ಕಾಯಿ ನಿಲ್ಲುತ್ತದೆ. ಸ್ಪ್ರಿಂಕ್ಲರ್ ಇದ್ದವರು ನೀರು ಹಾರಿಸುತ್ತಾರೆ. ಇಲ್ಲದವರು ಆಕಾಶ ನೋಡುತ್ತಾರೆ. ಆ ಕಾಯುವಿಕೆಯನ್ನು ಅವರು ತಾಳದಲ್ಲೇ ಇಟ್ಟಿದ್ದಾರೆ. ಬೇಸ್ ಗಿಟಾರ್ ನಮ್ಮ ವಾಲಗದ ನಡೆ ಹಿಡಿಯುತ್ತದೆ. ಮದುವೆ ಮನೆಯಲ್ಲಿ ವಾಲಗ ಕೇಳಿದರೆ ಕೊಡಗಿನವರ ಕಾಲು ಸುಮ್ನೆ ಇರುವುದಿಲ್ಲ. ಇಲ್ಲೂ ಹಾಗೇ ಆಗುತ್ತದೆ. ಆದರೆ ಡ್ರಮ್ಸ್ ಬೇಕೆಂದೇ ತಡಮಾಡಿ ಬೀಳುತ್ತದೆ. ಕುಣಿಯಲು ಎತ್ತಿದ ಕಾಲು ಅರ್ಧಕ್ಕೆ ನಿಲ್ಲುತ್ತದೆ. ಕೊನೆಯ ಚರಣದಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ಬೀಳುತ್ತವೆ, ಆಗ ಮಳೆ ಬಂತು ಅಂತ ಅರ್ಥ. ಮಳೆ ಬಂತು ಅಂತ ಹಾಡಿನಲ್ಲಿ ಒಂದು ಮಾತೂ ಇಲ್ಲ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಎರಡು ಹಾಡಿಗೆ ದುಡಿ ಅನ್ನುವ ಸಣ್ಣ ಚರ್ಮವಾದ್ಯ ಬಾರಿಸಲು ಎರವ ಬುಡಕಟ್ಟು ಸಮುದಾಯದ ಹಿರಿಯರೊಬ್ಬರು ಬರುತ್ತಾರೆ. ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ ಇರುವವರು. ಅವರನ್ನು ಹಿಂದೆ ಮೂಲೆಯಲ್ಲಿ ಅಲಂಕಾರಕ್ಕೆ ಕೂರಿಸುವುದಿಲ್ಲ. ಅವರ ಹೆಸರನ್ನೇ ಮೊದಲು ಹೇಳುತ್ತಾರೆ. ಸಿಕ್ಕಿದ ಹಣದಲ್ಲಿ ಅವರಿಗೂ ಸಮಪಾಲು. ದುಡಿ ಬೇಡವಾದ ಹಾಡಿಗೆ ದುಡಿ ಇಡುವುದಿಲ್ಲ. ಜಾನಪದದ ಬಣ್ಣ ಬೇಕು ಅಂತ ಯಾವುದೋ ವಾದ್ಯ ತಂದು ತುರುಕುವವರನ್ನು ನಾವು ಟೀವಿಯಲ್ಲಿ ಬೇಕಾದಷ್ಟು ನೋಡಿದ್ದೇವೆ. ಇವರು ಹಾಗಲ್ಲ. ದೇವರ ಹಾಡು, ಸಾವಿನ ಹಾಡುಗಳನ್ನು ಇವರು ಮುಟ್ಟುವುದೇ ಇಲ್ಲ. ಅವು ಅವರವರ ಮನೆ, ಗುಡಿಗೆ ಸೇರಿದ್ದು ಅನ್ನುತ್ತಾರೆ.

ಇವರು ಅಭ್ಯಾಸ ಮಾಡುವ ಜಾಗವನ್ನು ನೋಡಿ ಬಂದಿದ್ದೇನೆ. ಪರಿಚಯದವರ ಕಾಫಿ ಗೋಡೌನ್. ಕಾಫಿ ಕುಯ್ಲು ಶುರುವಾದರೆ ಅಲ್ಲಿ ಮೂಟೆ ತುಂಬುತ್ತದೆ, ಇವರಿಗೆ ಜಾಗ ಇಲ್ಲ. ಮಳೆಗಾಲದಲ್ಲಿ ಜಾಗ ಇರುತ್ತದೆ, ಕರೆಂಟ್ ಇರುವುದಿಲ್ಲ. ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೇ ಕೇಳುವುದಿಲ್ಲ. ತಂತಿಗೆ ತುಕ್ಕು ಹಿಡಿಯುತ್ತದೆ. ದುಡಿಯ ಚರ್ಮ ಥಂಡಿಗೆ ಸಡಿಲವಾಗಿ, ಬೆಂಕಿಗೆ ಹಿಡಿದು ಬಿಸಿ ಮಾಡಬೇಕು. ಆದ್ದರಿಂದ ಇವರ ಹಾಡುಗಳೆಲ್ಲ ಮೊದಲು ಮೈಕ್, ಆಂಪ್ಲಿಫಯರ್ ಇಲ್ಲದೆ ಹುಟ್ಟಿದವು. ಬರೀ ಗಿಟಾರ್ ಮತ್ತು ಗಂಟಲು. ಹಾಗೆ ನಿಂತ ಹಾಡಿಗೆ ಆಮೇಲೆ ಕರೆಂಟ್ ಸೇರಿತು. ಅವರ ಹಾಡಿನ ಗಟ್ಟಿತನ ಅಲ್ಲಿಂದ ಬಂದದ್ದು ಅಂತ ನನ್ನ ಅಭಿಪ್ರಾಯ.

ಈಗ ಆ ಸಂಜೆಯ ವಿಷಯ.

ಆಹ್ವಾನ ಪತ್ರಿಕೆಯಲ್ಲಿ ಏಳೂವರೆಗೆ ಅವರ ಕಾರ್ಯಕ್ರಮ ಅಂತ ಇತ್ತು. ಬ್ಯಾಂಡ್‌ನವರು ಮಧ್ಯಾಹ್ನವೇ ಬಂದು ಸೌಂಡ್ ಚೆಕ್ ಮಾಡಬೇಕು ಅಂತ ಕೇಳಿದರು. ಕುರ್ಚಿ ಹಾಕುತ್ತಿದ್ದೇವೆ, ಈಗ ಆಗುವುದಿಲ್ಲ ಅಂದರು. ಏಳಕ್ಕೆ ಸಭಾ ಕಾರ್ಯಕ್ರಮ ಶುರುವಾಯಿತು. ಸ್ವಾಗತ, ಭಾಷಣ, ಸನ್ಮಾನ, ಮತ್ತೆ ಭಾಷಣ. ಶಾಲು, ಹಾರ, ನೆನಪಿನ ಕಾಣಿಕೆ. ಸನ್ಮಾನ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಅಂದು ಸನ್ಮಾನ ಪಡೆದವರಲ್ಲಿ ಅದಕ್ಕೆ ನಿಜಕ್ಕೂ ಯೋಗ್ಯರಾದವರು ಇದ್ದರು. ಆದರೆ ಅಷ್ಟೂ ಹೊತ್ತು ವಾದ್ಯ ಹಿಡಿದು ವೇದಿಕೆಯ ಪಕ್ಕ ನಿಂತಿದ್ದವರಿಗೆ ಕೂರಲು ಒಂದು ಬೆಂಚ್ ಕೂಡ ಇರಲಿಲ್ಲ. ದುಡಿಯ ಹಿರಿಯರು ನೆಲದ ಮೇಲೆ ಕೂತಿದ್ದರು. ಬ್ಯಾಂಡ್ ವೇದಿಕೆ ಹತ್ತಿದಾಗ ಒಂಬತ್ತು ದಾಟಿತ್ತು.

ಮೊದಲ ಹಾಡು ಮುಗಿಯುವಷ್ಟರಲ್ಲಿ ಸಮಿತಿಯ ಒಬ್ಬರು ಚೀಟಿ ಕಳಿಸಿದರು. ಸಿನಿಮಾ ಹಾಡು ಹಾಡಲು ಹೇಳಿ, ಜನ ಎದ್ದು ಹೋಗುತ್ತಾರೆ ಅಂತ. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಜನ ಎದ್ದಿರಲಿಲ್ಲ. ಚಳಿಗೆ ಟೋಪಿ, ಶಾಲು ಹಾಕಿಕೊಂಡು ಕೂತೇ ಇದ್ದರು. ಗಡಿಕಲ್ಲಿನ ಹಾಡು ಮುಗಿದಾಗ ನನ್ನ ಪಕ್ಕದವರು, ಅವರು ಮಕ್ಕಂದೂರಿನವರಂತೆ, "ಇದನ್ನು ಬರೆದವರು ಯಾರು?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಿರೂಪಕರು ಮೈಕ್‌ನಲ್ಲಿ "ಒಂದು ಸುಂದರ ಜಾನಪದ ಗೀತೆ ಕೇಳಿದಿರಿ" ಅಂದರು.

ಎರಡನೇ ಚೀಟಿಯೂ ಬಂತು. ಹುಡುಗರು ತಲೆ ಬಗ್ಗಿಸಿ ಒಂದು ಸಿನಿಮಾ ಹಾಡು ಹಾಡಿದರು. ಚೆನ್ನಾಗಿಯೇ ಹಾಡಿದರು. ಆಮೇಲೆ ಹೂಮಳೆಯ ಹಾಡು ಎತ್ತಿಕೊಂಡರು. ಎಲ್ಲ ವಾದ್ಯ ಒಟ್ಟಿಗೆ ಬೀಳುವ ಆ ಕೊನೆಯ ಚರಣ ಬರುವ ಮೊದಲೇ ಹತ್ತು ಗಂಟೆಯಾಯಿತು. ಸೌಂಡ್ ಸಿಸ್ಟಂ ಬಂದ್ ಆಯಿತು. ದುಡಿಯ ಹಾಡಿಗೆ ಸಮಯವೇ ಸಿಗಲಿಲ್ಲ. ಆ ಹಿರಿಯರು ಒಂದು ಪೆಟ್ಟೂ ಬಾರಿಸದೆ ರಾತ್ರಿ ಮನೆಗೆ ಹೋದರು.

ಹತ್ತು ಗಂಟೆಯ ನಿಯಮದ ಬಗ್ಗೆ ನನ್ನ ತಕರಾರಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು. ಆ ವಿನಾಯಿತಿ ಅಂದು ಇರಲಿಲ್ಲ. ಸರಿ. ಆದರೆ ಹತ್ತಕ್ಕೆ ಮೈಕ್ ನಿಲ್ಲುತ್ತದೆ ಅಂತ ಏಳು ಗಂಟೆಗೆ ಭಾಷಣ ಶುರು ಮಾಡಿದವರಿಗೂ ಗೊತ್ತಿತ್ತು. ತಡವಾದಾಗ ಕತ್ತರಿ ಬೀಳುವುದು ಯಾವಾಗಲೂ ಕಲಾವಿದರ ಸಮಯಕ್ಕೇ ಯಾಕೆ?

ಮರುದಿನ ಕಾರ್ಯಕ್ರಮದ ವಿಡಿಯೋ ಬಂತು. ಗಡಿಕಲ್ಲಿನ ಹಾಡಿನ ಕೆಳಗೆ "ಸಾಹಿತ್ಯ: ಜಾನಪದ, ಸಂಗೀತ: ಸಂಗ್ರಹ" ಅಂತ ಹಾಕಿದ್ದರು. ಬ್ಯಾಂಡ್‌ನ ಹೆಸರು ಎಲ್ಲೂ ಇರಲಿಲ್ಲ. ಬಹಳ ಜನ ನೋಡಿದರು, ಹಂಚಿಕೊಂಡರು. 1957ರ ಕೃತಿಸ್ವಾಮ್ಯ ಕಾಯ್ದೆ ಬರೆದವರಿಗೆ ಇದು ನನ್ನದು ಅಂತ ಹೇಳಿಕೊಳ್ಳುವ ಹಕ್ಕು ಕೊಟ್ಟಿದೆ. 2012ರ ತಿದ್ದುಪಡಿ ಆದಮೇಲೆ ಸಿನಿಮಾ ಹಾಡು ಬರೆದವರಿಗೂ, ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಪಾಲು ಸಿಗಬೇಕು ಅಂತಾಗಿದೆ. ಸಿನಿಮಾ ಕವಿಯ ಹೆಸರನ್ನು ನಿರೂಪಕರು ಭಕ್ತಿಯಿಂದ ಹೇಳುತ್ತಾರೆ. ಕ್ಯೂರಿಂಗ್ ವರ್ಕ್ಸ್‌ನ ಹುಡುಗ ಬರೆದರೆ ಅದು ಒಂದೇ ರಾತ್ರಿಗೆ ಯಾರೂ ಬರೆಯದ ಹಾಡಾಗುತ್ತದೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದ ಸಂಗತಿ.

ಸಂಭಾವನೆಯ ಮಾತು ಚಿಕ್ಕದು. ಕೊಡಲಿಲ್ಲ. ಪ್ರಚಾರ ಸಿಗುತ್ತದಲ್ಲ ಅಂದರಂತೆ. ಡ್ರಮ್ಸ್ ಸಾಗಿಸಿದ ಜೀಪಿನ ಡೀಸೆಲ್ ದುಡ್ಡು ಬೇಸ್ ಗಿಟಾರ್‌ನವನ ಕೈಯಿಂದಲೇ ಹೋಯಿತು. ಅದೇ ಉತ್ಸವದಲ್ಲಿ ಹೊರಗಿನಿಂದ ಬಂದ ರಸಮಂಜರಿ ತಂಡಕ್ಕೆ ಮುಂಗಡ, ಊಟ, ರೂಮು ಎಲ್ಲ ಇತ್ತು. ಅವರಿಗೆ ಕೊಟ್ಟದ್ದು ಸರಿಯೇ. ಇವರಿಗೆ ಕೊಡದೇ ಇದ್ದದ್ದು ಸರಿಯಲ್ಲ.

ಮಾನ್ಯರೇ, ನಿಮ್ಮಲ್ಲಿ ಕೆಲವರು ಖಾಸಗಿಯಾಗಿ ಹೇಳಿದ ಮಾತು ನನ್ನ ಕಿವಿಗೂ ಬಿದ್ದಿದೆ. ಗಿಟಾರ್ ನಮ್ಮ ಸಂಸ್ಕೃತಿ ಅಲ್ಲ, ಕೊಡಗಿನ ವೇದಿಕೆಗೆ ಅದು ಒಪ್ಪುವುದಿಲ್ಲ ಅಂತ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮದು ಕಳೆದುಹೋಗುತ್ತಿದೆ ಅನ್ನುವ ಭಯ ನನಗೂ ಇದೆ. ಆದರೆ ಪಿಟೀಲು ನಮ್ಮದಾಗಿರಲಿಲ್ಲ. ಸುಮಾರು 200 ವರ್ಷದ ಹಿಂದೆ ಕರ್ನಾಟಕ ಸಂಗೀತಕ್ಕೆ ಬಂತು, ಈಗ ಅದಿಲ್ಲದೆ ಕಛೇರಿಯೇ ಇಲ್ಲ. ಪಕ್ಕದ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ನಾಗಸ್ವರದ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಅದರಲ್ಲೇ ತ್ಯಾಗರಾಜರ ಕೀರ್ತನೆ ನುಡಿಸಿದರು. ಅವರನ್ನು ಯಾರಾದರೂ ಹೊರಗಿನವರು ಅಂತಾರಾ?

ಹೊಸ ಹಾಡು ಕಟ್ಟುವುದಂತೂ ಕೊಡಗಿಗೆ ಹೊಸದೇ ಅಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಸಮಯದಲ್ಲಿ ದುಡಿ ಹಿಡಿದು ಮನೆಮನೆಗೆ ಹೋಗುವ ಹಾಡುಗಾರರನ್ನು ನೆನಪಿಸಿಕೊಳ್ಳಿ. ಆ ಮನೆಯ ಹೆಸರು, ಆ ಮನೆಯವರ ಹಿರಿಮೆ ಸೇರಿಸಿ ಅಲ್ಲೇ ಹಾಡುತ್ತಾರೆ. ಪ್ರತಿ ಮನೆಗೂ ಹಾಡು ಒಂದಿಷ್ಟು ಹೊಸದಾಗುತ್ತದೆ. ಹರದಾಸ ಅಪ್ಪಚ್ಚ ಕವಿ 20ನೇ ಶತಮಾನದ ಶುರುವಿನಲ್ಲಿ ಕೊಡವ ತಕ್ಕಿನಲ್ಲಿ ನಾಟಕ ಬರೆದರು, ಅದಕ್ಕೆ ಹಾಡು ಬರೆದರು. ಆ ಕಾಲಕ್ಕೆ ಅವು ಹೊಚ್ಚ ಹೊಸ ಹಾಡುಗಳೇ. ನಡಿಕೇರಿಯಂಡ ಚಿಣ್ಣಪ್ಪನವರು ಹಳೆಯ ಹಾಡುಗಳನ್ನು ಹುಡುಕಿ, ಬರೆದು, 1924ರಲ್ಲಿ ಪಟ್ಟೋಲೆ ಪಳಮೆ ಆಗಿ ಅಚ್ಚು ಹಾಕಿಸಿದ್ದರಿಂದ ಅವು ನಮಗೆ ಉಳಿದವು. ಇಂದಿನ ಹಾಡುಗಳನ್ನು ಇಂದೇ ಹೆಸರು ಸಮೇತ ದಾಖಲೆ ಮಾಡುವುದು ಅದಕ್ಕಿಂತ ಎಷ್ಟೋ ಸುಲಭ. ಹಾಡಿದವರು ನಮ್ಮ ಮುಂದೆಯೇ ಇದ್ದಾರೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು.

ಪ್ರತಿ ಉತ್ಸವದಲ್ಲಿ ಒಂದು ಸಂಜೆ ಒಂದು ಗಂಟೆಯನ್ನು ಜಿಲ್ಲೆಯವರೇ ಕಟ್ಟಿದ ಹೊಸ ಹಾಡುಗಳಿಗೆ ಇಡಿ. ಕನ್ನಡ, ಕೊಡವ, ಅರೆಭಾಷೆ, ತುಳು, ಮಲಯಾಳ, ಎರವ, ಯಾವ ನುಡಿಯಾದರೂ ಆಗಲಿ. ವಾದ್ಯ ಯಾವುದಾದರೂ ಇರಲಿ. ಆ ಒಂದು ಗಂಟೆ ಎಂಟಕ್ಕೆ ಮೊದಲೇ ಶುರುವಾಗಲಿ, ಸಭಾ ಕಾರ್ಯಕ್ರಮ ಅದರ ನಂತರ ಬರಲಿ. ಜನ ಹಾಡು ಕೇಳಿ ಭಾಷಣಕ್ಕೂ ಕೂರುತ್ತಾರೆ, ನಮ್ಮ ಜನರ ಮೇಲೆ ನಂಬಿಕೆ ಇಡಿ. ಮಧ್ಯಾಹ್ನ ಅರ್ಧ ಗಂಟೆ ಸೌಂಡ್ ಚೆಕ್‌ಗೆ ಬಿಡಿ. ಐದು ವಾದ್ಯ ಒಟ್ಟಿಗೆ ನುಡಿಯುವಾಗ ಯಾವುದು ಎಷ್ಟು ಕೇಳಬೇಕು ಅಂತ ಮೊದಲೇ ಹೊಂದಿಸದಿದ್ದರೆ ಹಾಡಿನ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಆಮೇಲೆ "ರಾಕ್ ಅಂದರೆ ಬರೀ ಗಲಾಟೆ" ಅನ್ನುವುದು ನ್ಯಾಯವಲ್ಲ.

ಸ್ವಂತ ಹಾಡಿಗೆ ಅಂತ ಕರೆದವರ ಹತ್ತಿರ ಸಿನಿಮಾ ಹಾಡು ಕೇಳಬೇಡಿ. ರಸಮಂಜರಿಗೆ ಬೇರೆ ದಿನ ಇದ್ದೇ ಇದೆ, ನಾನೂ ಬಂದು ಚಪ್ಪಾಳೆ ತಟ್ಟುತ್ತೇನೆ. ಹಾಡು ಬರೆದವರು, ರಾಗ ಹಾಕಿದವರು ಯಾರು ಅಂತ ಮೊದಲೇ ಕೇಳಿ ಬರೆದುಕೊಂಡು, ನಿರೂಪಕರ ಕೈಗೆ ಕೊಡಿ, ಆಹ್ವಾನ ಪತ್ರಿಕೆಯಲ್ಲಿ ಹಾಕಿ, ವಿಡಿಯೋದಲ್ಲೂ ಹಾಕಿ. ಸಂಭಾವನೆ ಎಷ್ಟು ಅಂತ ಕಾಗದದಲ್ಲಿ ಬರೆದುಕೊಡಿ. ಸಣ್ಣ ಮೊತ್ತವಾದರೂ ಸರಿ. ಸಾಗಾಟದ ಖರ್ಚಂತೂ ಕೊಡಲೇಬೇಕು. ದುಡಿ ಬಾರಿಸುವ, ಚೀನಿ ಅನ್ನುವ ಊದುವ ವಾದ್ಯ ನುಡಿಸುವ ಹಿರಿಯರು ಬಂದರೆ ಅವರನ್ನು ಮನೆಗೆ ಬಿಟ್ಟು ಬರುವ ಏರ್ಪಾಡೂ ಇರಲಿ. ರಾತ್ರಿ ಆನೆ ಓಡಾಡುವ ದಾರಿಯಲ್ಲಿ ಅವರು ನಡೆದು ಹೋಗಬೇಕಾಗುತ್ತದೆ.

ಈಗಾಗಲೇ ಹೊರಬಂದ ಆ ವಿಡಿಯೋದ ವಿಷಯ. ಅದನ್ನು ಹಾಕಿದ ಸಮಿತಿಯವರು ಈ ಪತ್ರ ಓದಿದರೆ ಅವರಿಗೆ ತಮ್ಮದು ಅಂತ ಗೊತ್ತಾಗುತ್ತದೆ. ಆ ಎರಡು ಸಾಲನ್ನು ತಿದ್ದಿ, ಬರೆದ ಹುಡುಗನ ಹೆಸರು ಮತ್ತು ಬ್ಯಾಂಡ್‌ನ ಹೆಸರು ಹಾಕಿ. ಹೆಸರು ಹೇಗೆ ಬರೆಯಬೇಕು ಅಂತ ಅವರನ್ನೇ ಕೇಳಿ. ಇದಕ್ಕೆ ಖರ್ಚಿಲ್ಲ, ಠರಾವೂ ಬೇಕಿಲ್ಲ. ಮುಂದಿನ ಹಬ್ಬದವರೆಗೆ ಕಾಯಬೇಡಿ, ಈ ವಾರವೇ ಮಾಡಿ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಸುಂಟಿಕೊಪ್ಪದ ಒಬ್ಬ ಕೇಳುಗ